ಸಲಮಾಂಕಾದ ಪೀಠವೂ ಸಂತೆಯ ಮಾತೂ: ಲೂಯಿಸ್ ದೆ ಲೆಯೋನ್ ಮತ್ತು ತಾಯ್ನುಡಿಯ ದೈವಶಾಸ್ತ್ರ

ಇಂದು ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಭಾಷೆ ಮತ್ತು ಸಾಹಿತ್ಯವನ್ನು ಅಭ್ಯಸಿಸುವ ವಿದ್ಯಾರ್ಥಿಯು ಹದಿನಾರನೆಯ ಶತಮಾನಕ್ಕೆ ಬಂದೊಡನೆ ಮೂವರು ಮಠವಾಸಿಗಳನ್ನು ಎದುರುಗೊಳ್ಳುತ್ತಾನೆ: ಆವಿಲಾದ ತೆರೇಸಾ, ಶಿಲುಬೆಯ ಯೋವಾನ್ನ, ಲೂಯಿಸ್ ದೆ ಲೆಯೋನ್. ಸಾಹಿತ್ಯ ವಿಭಾಗದವರು ಈ ಮೂವರನ್ನೂ ತಮ್ಮವರೆಂದು ಎಣಿಸಿದ್ದಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಇವರಲ್ಲಿ ಲೂಯಿಸ್ ದೆ ಲೆಯೋನರು ವೃತ್ತಿಯಿಂದ ದೈವಶಾಸ್ತ್ರದ ಪ್ರಾಧ್ಯಾಪಕರು. ಅವರು ಬೋಧಿಸಿದ ಸಲಮಾಂಕಾ ವಿಶ್ವವಿದ್ಯಾಲಯದಲ್ಲಿ ಇಂದು ನಾವು ಸ್ಪ್ಯಾನಿಷ್ ಎನ್ನುವ ಕಾಸ್ಟೀಲಿಯನ್ ಭಾಷೆಯ ಸಾಹಿತ್ಯಕ್ಕೆ ಒಂದು ಪೀಠವೂ ಇರಲಿಲ್ಲ. ದೈವಶಾಸ್ತ್ರದ ಅಧ್ಯಾಪಕರೊಬ್ಬರು ತಮ್ಮ ತಾಯ್ನುಡಿಯ ಮಹಾಲೇಖಕರಾದದ್ದು ಹೇಗೆ, ಅದಕ್ಕಾಗಿ ಅವರು ತೆತ್ತ ಬೆಲೆಯೇನು, ಅದಕ್ಕೆ ಅವರೇ ಕೊಟ್ಟ ಸಮರ್ಥನೆ ಯಾವುದು ಎಂಬುದನ್ನು ಇಲ್ಲಿ ನಾವು ಪರಿಶೀಲಿಸುತ್ತೇವೆ.

1218ರಲ್ಲಿ ಸ್ಥಾಪಿತವಾದ ಸಲಮಾಂಕಾದಲ್ಲಿ ಪಾಠ, ವಾದ, ಪರೀಕ್ಷೆಗಳೆಲ್ಲ ಲ್ಯಾಟಿನ್ ಭಾಷೆಯಲ್ಲಿ ನಡೆಯತಕ್ಕದ್ದೆಂಬುದು ನಿಯಮ. ಅದೇ ಊರಿನಲ್ಲಿ 1492ರಲ್ಲಿ ಆಂತೋನಿಯೋ ದೆ ನೆಬ್ರಿಹಾ ಕಾಸ್ಟೀಲಿಯನ್ ಭಾಷೆಯ ವ್ಯಾಕರಣವನ್ನು ಅಚ್ಚುಹಾಕಿಸಿ ರಾಣಿ ಇಸಬೆಲ್ಲಳಿಗೆ ಅರ್ಪಿಸಿದರು. ಆಡುನುಡಿಗೂ ವ್ಯಾಕರಣವುಂಟೆಂದು ತೋರಿಸಿದ ಆ ಪುಸ್ತಕ ಬಂದರೂ ಆ ನುಡಿಗೆ ತರಗತಿಯೊಳಗೆ ಪ್ರವೇಶ ಸಿಗಲಿಲ್ಲ. ನೆಬ್ರಿಹಾ ಸ್ವತಃ ಲ್ಯಾಟಿನ್ ಕಲಿಸಿಯೇ ಜೀವನ ನಡೆಸಿದವರು. ಅವರು ವ್ಯಾಕರಣಕಾರನ ಕಣ್ಣಿನಿಂದ ಸತ್ಯವೇದದ ಶಬ್ದಗಳನ್ನು ಪರಿಶೋಧಿಸಲು ತೊಡಗಿದಾಗ, ಮಹಾವಿಚಾರಣಾಧಿಕಾರಿ ದಿಯೇಗೋ ದೆ ದೇಸಾ ಅವರ ಬರಹಗಳನ್ನು ವಶಪಡಿಸಿಕೊಂಡರು. ವ್ಯಾಕರಣಕ್ಕೂ ದೈವಶಾಸ್ತ್ರಕ್ಕೂ ನಡುವಿನ ಗಡಿಯನ್ನು ಯಾರು ಕಾಯಬೇಕೆಂಬ ಜಗಳ ಲೂಯಿಸರು ಹುಟ್ಟುವುದಕ್ಕೆ ಮೊದಲೇ ಆರಂಭವಾಗಿತ್ತು.

ಲೂಯಿಸರು ಸುಮಾರು 1527ರಲ್ಲಿ ಬೆಲ್ಮೋಂತೆಯಲ್ಲಿ ಜನಿಸಿದರು. ತಂದೆ ನ್ಯಾಯವಾದಿ, ಪೂರ್ವಿಕರಲ್ಲಿ ಯೆಹೂದ್ಯ ಮತದಿಂದ ಕ್ರೈಸ್ತರಾದವರಿದ್ದರು. ಅಂದಿನ ಸ್ಪೇನಿನಲ್ಲಿ ಈ ಸಂಗತಿ ತಲೆಮಾರುಗಳು ಕಳೆದರೂ ಮರೆಯಾಗುತ್ತಿರಲಿಲ್ಲ; ಶತ್ರುವಿನ ಕೈಯಲ್ಲಿ ಅದು ಸದಾ ಸಿದ್ಧವಾಗಿದ್ದ ಆಯುಧ. 1544ರಲ್ಲಿ ಅವರು ಸಲಮಾಂಕಾದ ಅಗಸ್ಟೀನಿಯನ್ ಮಠದಲ್ಲಿ ವ್ರತಸ್ವೀಕಾರ ಮಾಡಿದರು. ಅಲ್ಕಲಾ ವಿಶ್ವವಿದ್ಯಾಲಯದಲ್ಲಿ ಸಿಪ್ರಿಯಾನೋ ದೆ ಲಾ ಉಎರ್ಗಾ ಎಂಬ ವ್ಯಾಖ್ಯಾನಕಾರರ ಬಳಿ ಕೆಲಕಾಲ ಕಲಿತರು. 1561ರಲ್ಲಿ ಸಲಮಾಂಕಾದಲ್ಲಿ ಸಂತ ತೋಮಸ್ ಅಕ್ವಿನಾಸರ ಹೆಸರಿನ ಪೀಠವನ್ನು ಗೆದ್ದರು. ‘ಗೆದ್ದರು’ ಎಂಬ ಮಾತನ್ನು ನಾವು ಅಲಂಕಾರಕ್ಕಾಗಿ ಬಳಸುತ್ತಿಲ್ಲ. ಅಲ್ಲಿ ಪೀಠ ತೆರವಾದರೆ ಅಭ್ಯರ್ಥಿಗಳು ಸ್ಪರ್ಧಿಸಿ ಉಪನ್ಯಾಸ ಕೊಡುತ್ತಿದ್ದರು, ವಿದ್ಯಾರ್ಥಿಗಳು ಮತ ಹಾಕುತ್ತಿದ್ದರು. ಸೋತವರಿಗೂ ಅವರ ಮಠಗಳಿಗೂ ಅದು ಬಹುಕಾಲ ಉಳಿಯುವ ಗಾಯ. ಮುಂದೆ ನಡೆದದ್ದರಲ್ಲಿ ಸಿದ್ಧಾಂತದ ಪಾಲೆಷ್ಟು, ಈ ಚುನಾವಣೆಗಳ ಕಹಿಯ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಅದೇ ವೇಳೆಗೆ ಅವರು ಇಸಬೆಲ್ ಒಸೋರಿಯೋ ಎಂಬ ಕನ್ಯಾಸ್ತ್ರೀಗಾಗಿ ಪರಮಗೀತೆಯನ್ನು ಹೀಬ್ರೂ ಮೂಲದಿಂದ ಕಾಸ್ಟೀಲಿಯನ್ ಭಾಷೆಗೆ ಅನುವಾದಿಸಿ, ಜೊತೆಗೆ ವಿವರಣೆಯನ್ನೂ ಬರೆದುಕೊಟ್ಟರು. ಆಕೆಗೆ ಲ್ಯಾಟಿನ್ ಬಾರದು. ಪರಮಗೀತೆಯನ್ನು ಅರ್ಥಮಾಡಿಕೊಳ್ಳುವ ಆಸೆಯಿತ್ತು. ಕ್ರಿಸ್ತನೂ ಸಭೆಯೂ ಎಂಬ ಆತ್ಮಿಕ ಅರ್ಥವನ್ನು ಹಿಂದಿನವರು ಬೇಕಾದಷ್ಟು ಬರೆದಿರುವುದರಿಂದ ತಾವು ಅಕ್ಷರಾರ್ಥವನ್ನಷ್ಟೇ ಬಿಡಿಸುವುದಾಗಿ ಲೂಯಿಸರು ಹೇಳಿಕೊಂಡರು. ಒಬ್ಬ ಕುರುಬನೂ ಅವನ ಪ್ರಿಯೆಯೂ ಆಡುವ ಮಾತುಗಳಾಗಿ ಆ ವಚನಗಳನ್ನು ಅವರು ವಿವರಿಸಿದರು. ಅಕ್ಷರಾರ್ಥ ಸ್ಪಷ್ಟವಾಗದೆ ಆತ್ಮಿಕಾರ್ಥ ನಿಲ್ಲದು ಎಂಬ ನಿಲುವು ಇದರ ಹಿಂದಿದೆ. ವ್ಯಾಖ್ಯಾನಶಾಸ್ತ್ರವನ್ನು ಕಲಿಯುವ ನಮ್ಮ ಓದುಗರಿಗೆ ಇದು ಹೊಸದಲ್ಲ. ಆದರೆ 1559ರಲ್ಲಿ ಫೆರ್ನಾಂದೋ ದೆ ವಾಲ್ದೇಸ್ ಹೊರಡಿಸಿದ ನಿಷಿದ್ಧ ಗ್ರಂಥಗಳ ಪಟ್ಟಿಯು ದೇಶಭಾಷೆಯ ಸತ್ಯವೇದವನ್ನು ಸ್ಪೇನಿನಲ್ಲಿ ನಿಷೇಧಿಸಿತ್ತು. ಲೂಯಿಸರ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಸಹೋದರನೊಬ್ಬ ಅವರಿಗೆ ತಿಳಿಸದೆ ಹಸ್ತಪ್ರತಿಯನ್ನು ನಕಲುಮಾಡಿಕೊಂಡನು. ಒಬ್ಬಳಿಗಾಗಿ ಬರೆದ ಪುಸ್ತಕ ಕೈಯಿಂದ ಕೈಗೆ ಹರಡಿತು.

ಇನ್ನೊಂದು ಆಪಾದನೆ ಇದಕ್ಕಿಂತ ಗಂಭೀರವಾದದ್ದು. ತ್ರೆಂತ್ ಮಹಾಸಭೆಯು 1546ರಲ್ಲಿ ವಲ್ಗೇಟ್ ಎಂಬ ಲ್ಯಾಟಿನ್ ಅನುವಾದವನ್ನು ಪ್ರಮಾಣಭೂತವೆಂದು ಘೋಷಿಸಿತ್ತು. ಪ್ರಮಾಣಭೂತವೆಂದರೆ ವಿಶ್ವಾಸಕ್ಕೂ ನಡತೆಗೂ ಬಾಧಕವಾದ ತಪ್ಪು ಅದರಲ್ಲಿಲ್ಲವೆಂದೇ ಹೊರತು, ಹೀಬ್ರೂ ಪದವೊಂದನ್ನು ಇನ್ನೂ ಚೆನ್ನಾಗಿ ಅನುವಾದಿಸಲು ಸಾಧ್ಯವಿಲ್ಲವೆಂದಲ್ಲ ಎಂದು ಲೂಯಿಸರು ಬೋಧಿಸುತ್ತಿದ್ದರು. ಗ್ರೀಕ್ ಪ್ರಾಧ್ಯಾಪಕ ಲೆಯೋನ್ ದೆ ಕಾಸ್ತ್ರೋ ಅವರ ದೃಷ್ಟಿಯಲ್ಲಿ ಇದು ಯೆಹೂದ್ಯ ರಬ್ಬಿಗಳ ಪಕ್ಷ. ಸತ್ಯವೇದದ ಒಂದು ಮುದ್ರಣವನ್ನು ಪರಿಶೀಲಿಸಲು ಸೇರಿದ ಪ್ರಾಧ್ಯಾಪಕರ ಸಭೆಯಲ್ಲಿ ಇವರಿಬ್ಬರ ವಾದ ಬೆದರಿಕೆಯವರೆಗೆ ಹೋಯಿತು. ಕಾಸ್ತ್ರೋ ಅವರ ಯೆಶಾಯನ ವ್ಯಾಖ್ಯಾನವನ್ನು ಸುಡಿಸುವ ಮಾತನ್ನು ಲೂಯಿಸರು ಆಡಿದರೆ, ಕಾಸ್ತ್ರೋ ಅದಕ್ಕೆ ಕೊಟ್ಟ ಉತ್ತರ ಲೂಯಿಸರ ವಂಶವನ್ನೇ ಮುಟ್ಟಿತು. ಲೂಯಿಸರು ಶಾಂತಮೂರ್ತಿಯಾಗಿರಲಿಲ್ಲವೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ.

1572ರ ಮಾರ್ಚ್ 27ರಂದು ಅವರನ್ನು ಬಂಧಿಸಿ, ವಯ್ಯದೊಲೀದ್ ನಗರದ ಇನ್‌ಕ್ವಿಸಿಷನ್ ಸೆರೆಮನೆಗೆ ಒಯ್ದರು. ಹೀಬ್ರೂ ಬಲ್ಲ ಸಹೋದ್ಯೋಗಿಗಳಾದ ಗಾಸ್ಪರ್ ದೆ ಗ್ರಹಾಲ್, ಮಾರ್ತೀನೆಸ್ ದೆ ಕಾಂತಾಲಪಿಯೇದ್ರಾ ಇವರೂ ಬಂಧಿತರಾದರು. ಸೆರೆಗೆ ಸೇರಿದ ಕೆಲವೇ ದಿನಗಳಲ್ಲಿ ಲೂಯಿಸರು ಸಲ್ಲಿಸಿದ ಬೇಡಿಕೆಗಳ ಪಟ್ಟಿ ಉಳಿದುಬಂದಿದೆ. ಅಗಸ್ಟೀನರ ಮತ್ತು ಬರ್ನಾರ್ಡರ ಪುಸ್ತಕಗಳು, ಊಟದಲ್ಲಿ ಕತ್ತರಿಸಿಕೊಳ್ಳಲು ಒಂದು ಚಾಕು, ಎದೆಯ ಸಂಕಟಕ್ಕೆ ಮದ್ರಿಗಲ್ ಮಠದ ಕನ್ಯಾಸ್ತ್ರೀಯೊಬ್ಬಳು ಮಾಡಿಕೊಡುತ್ತಿದ್ದ ಔಷಧದ ಪುಡಿ. ತಮ್ಮ ಮೇಲೆ ಸಾಕ್ಷಿ ಹೇಳಿದವರು ಯಾರೆಂದು ಅವರಿಗೆ ತಿಳಿಸಲಿಲ್ಲ. ಊಹಿಸಿಯೇ ಉತ್ತರ ಬರೆಯಬೇಕಾಯಿತು. ವಿಚಾರಣೆ ಐದು ವರ್ಷಗಳ ಹತ್ತಿರ ಎಳೆಯಿತು. ಗ್ರಹಾಲರು 1575ರಲ್ಲಿ ಸೆರೆಯಲ್ಲೇ ತೀರಿಕೊಂಡರು. ವಯ್ಯದೊಲೀದ್ ನ್ಯಾಯಾಧೀಶರಲ್ಲಿ ಹೆಚ್ಚಿನವರು ಲೂಯಿಸರಿಗೆ ಚಿತ್ರಹಿಂಸೆಯ ಮೂಲಕ ವಿಚಾರಣೆಯಾಗಲೆಂದು ಮತ ನೀಡಿದ್ದರು. ಮೇಲಿನ ಮಂಡಳಿ ಅದನ್ನು ತಳ್ಳಿಹಾಕಿ, 1576ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಹೇಳಿ ಬಿಡುಗಡೆ ಮಾಡಿತು. ಪರಮಗೀತೆಯ ಕಾಸ್ಟೀಲಿಯನ್ ಹಸ್ತಪ್ರತಿಯನ್ನು ಮಾತ್ರ ಹಿಡಿದಿಟ್ಟುಕೊಳ್ಳಬೇಕೆಂದು ಆಜ್ಞಾಪಿಸಿತು.

ಸ್ಪ್ಯಾನಿಷ್ ಕಲಿಯುವವರೆಲ್ಲರೂ ಕೇಳಿರುವ ಕಥೆಯೊಂದಿದೆ. ಸೆರೆಯಿಂದ ಮರಳಿದ ಲೂಯಿಸರು ತುಂಬಿದ ತರಗತಿಯಲ್ಲಿ ನಿಂತು, ನಡುವೆ ಏನೂ ನಡೆದೇ ಇಲ್ಲವೆಂಬಂತೆ, ‘ನಿನ್ನೆ ನಾವು ಹೇಳುತ್ತಿದ್ದ ಹಾಗೆ’ ಎಂದು ಪಾಠವನ್ನು ಮುಂದುವರಿಸಿದರಂತೆ. ಕಥೆ ಚೆನ್ನಾಗಿದೆ, ಆದರೆ ಅದು ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಅವರು ತೀರಿಕೊಂಡು ಹಲವು ವರ್ಷಗಳಾದ ಮೇಲೆ. ಅಲ್ಲದೆ ಅವರ ಹಳೆಯ ಪೀಠ ಆ ವೇಳೆಗೆ ಬೇರೊಬ್ಬರಿಗೆ ಸಿಕ್ಕಿತ್ತು. ಅದರ ಮೇಲಿನ ಹಕ್ಕನ್ನು ಲೂಯಿಸರು ಬಿಟ್ಟುಕೊಟ್ಟರು. ವಿಶ್ವವಿದ್ಯಾಲಯ ಅವರಿಗಾಗಿ ಹೊಸ ಉಪನ್ಯಾಸವೊಂದನ್ನು ಏರ್ಪಡಿಸಿತು. ನಿನ್ನೆಯ ಪಾಠ ಮುಂದುವರಿಯಲು ಆ ತರಗತಿಯೇ ಅವರಿಗೆ ಉಳಿದಿರಲಿಲ್ಲ. ಕಳೆದುಕೊಂಡ ವರ್ಷಗಳನ್ನೂ ಸತ್ತ ಮಿತ್ರನನ್ನೂ ಒಂದು ಚಮತ್ಕಾರದ ಮಾತಿನಲ್ಲಿ ಮುಚ್ಚಿಬಿಡುವ ಈ ಕಥೆಗಿಂತ, 1579ರಲ್ಲಿ ಅವರು ಮತ್ತೆ ಸ್ಪರ್ಧಿಸಿ ಸತ್ಯವೇದದ ಪೀಠವನ್ನೇ ಗೆದ್ದರೆಂಬ ದಾಖಲೆಯ ಸಂಗತಿ ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ.

‘ಕ್ರಿಸ್ತನ ನಾಮಗಳು’ ಎಂಬ ಅವರ ಗ್ರಂಥದ ಮೊದಲ ಎರಡು ಭಾಗಗಳು 1583ರಲ್ಲಿ ಹೊರಬಂದವು. ಸಲಮಾಂಕಾದ ಹೊರಗೆ, ತೋರ್ಮೆಸ್ ನದಿಯ ದಡದಲ್ಲಿರುವ ಮಠದ ತೋಟದಲ್ಲಿ, ಜೂನ್ ಕೊನೆಯ ಬಿಸಿಲಿನಲ್ಲಿ ಮೂವರು ಸನ್ಯಾಸಿಗಳು ಕುಳಿತು ಸತ್ಯವೇದವು ಕ್ರಿಸ್ತನಿಗೆ ಕೊಟ್ಟಿರುವ ಹೆಸರುಗಳನ್ನು ಒಂದೊಂದಾಗಿ ವಿಚಾರಿಸುತ್ತಾರೆ: ಮೊಳಿಕೆ, ಮಾರ್ಗ, ಕುರುಬ, ಬೆಟ್ಟ, ಸಮಾಧಾನದ ಪ್ರಭು, ಮದಲಿಂಗ. ಪ್ರತಿಯೊಂದು ಹೆಸರಿನ ಹಿಂದೆ ಪಂಡಿತರ ಪರಿಶ್ರಮವಿದೆ, ಆದರೆ ಭಾಷೆ ಕಾಸ್ಟೀಲಿಯನ್. ಸತ್ಯವೇದವು ಮೊದಲು ಸಾಮಾನ್ಯ ಜನರ ಮಾತಿನಲ್ಲೇ ಬಂದದ್ದೆಂದೂ, ಈಗ ಅದನ್ನು ಓದಲಾಗದ ಜನರು ಆ ಜಾಗದಲ್ಲಿ ಹುರುಳಿಲ್ಲದ ಪುಸ್ತಕಗಳನ್ನು ಓದುತ್ತಿದ್ದಾರೆಂದೂ ಅವರು ಮುನ್ನುಡಿಯಲ್ಲಿ ಮರುಗುತ್ತಾರೆ. ನಿಷೇಧವನ್ನು ನೇರವಾಗಿ ಎದುರಿಸದೆ, ನಿಷೇಧದಿಂದ ತೆರವಾದ ಜಾಗವನ್ನು ತುಂಬುವುದು ಅವರ ಉದ್ದೇಶ.

ಪಂಡಿತರಿಗೆ ಇದು ಹಿಡಿಸಲಿಲ್ಲ. ದೈವಶಾಸ್ತ್ರಜ್ಞನೊಬ್ಬ ಆಡುನುಡಿಯಲ್ಲಿ ಬರೆಯುವುದು ತನ್ನ ವಿದ್ಯೆಗೆ ತಕ್ಕ ಕೆಲಸವೇ ಎಂದು ಕೆಲವರು ಕೇಳಿದರು. 1585ರ ಮುದ್ರಣದ ಮೂರನೆಯ ಭಾಗದ ಆರಂಭದಲ್ಲಿ ಲೂಯಿಸರು ಉತ್ತರ ಕೊಟ್ಟಿದ್ದಾರೆ. ಬಸಿಲ್, ಕ್ರಿಸೊಸ್ತೊಮ್ ಮೊದಲಾದ ಪಿತೃಗಳು ಗಹನವಾದ ವಿಷಯಗಳನ್ನು ಬರೆದದ್ದು ತಾಯಿಯ ಹಾಲಿನೊಂದಿಗೆ ಕುಡಿದ ಗ್ರೀಕ್ ನುಡಿಯಲ್ಲಿ. ಸಂತೆಯಲ್ಲಿ ಮಾರುವ ಹೆಂಗಸರು ಆಡುತ್ತಿದ್ದ ನುಡಿ ಅದು. ಹಾಗಿರುವಾಗ ಕಾಸ್ಟೀಲಿಯನ್ ಮಾತ್ರ ಕೀಳಾಗುವುದು ಹೇಗೆ? ಇಷ್ಟಕ್ಕೇ ಅವರು ನಿಲ್ಲಿಸುವುದಿಲ್ಲ. ಆಡುನುಡಿಯಲ್ಲಿ ಚೆನ್ನಾಗಿ ಬರೆಯುವುದು ಸುಲಭದ ಕೆಲಸವಲ್ಲ. ಎಲ್ಲರೂ ಆಡುವ ಪದಗಳಿಂದ ತಕ್ಕವನ್ನು ಆರಿಸಿ, ನಾದವನ್ನು ಕೇಳಿ, ತೂಗಿ ಅಳೆದು ಜೋಡಿಸಬೇಕು ಎನ್ನುತ್ತಾರೆ. ಜನರ ಭಾಷೆಯಲ್ಲಿ ಬರೆಯುವುದೆಂದರೆ ವಿದ್ಯೆಯನ್ನು ತೆಳುಮಾಡುವುದೆಂಬ ಎಣಿಕೆಗೆ ಇದಕ್ಕಿಂತ ಬಲವಾದ ಖಂಡನೆ ಆ ಕಾಲದಲ್ಲಿ ಅಪರೂಪ.

ಲೂಯಿಸರು ಇನ್ನೂ ಪಾಠ ಹೇಳುತ್ತಿದ್ದಾಗಲೇ, ಸೆವಿಯ್ಯಾ ಬಳಿಯ ಮಠದಿಂದ ತಪ್ಪಿಸಿಕೊಂಡು ಹೋಗಿ ಪ್ರೊಟೆಸ್ಟಂಟರಾದ ಕಾಸಿಯೋದೋರೋ ದೆ ರೇಯ್ನಾ 1569ರಲ್ಲಿ ಇಡೀ ಸತ್ಯವೇದವನ್ನು ಸ್ಪ್ಯಾನಿಷ್ ಭಾಷೆಯಲ್ಲಿ ಅಚ್ಚುಹಾಕಿಸಿದ್ದರು. ಅಚ್ಚಾದ ಊರು ಸ್ವಿಟ್ಜರ್ಲೆಂಡಿನ ಬಾಸೆಲ್. 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳನ್ನು ಕಳುಹಿಸಿದ ಮಿಷನ್ ಹುಟ್ಟಿದ್ದೂ ಅದೇ ಊರಿನಲ್ಲಿ. ಕಿಟೆಲರ ಕನ್ನಡ ನಿಘಂಟು ಆ ಪರಂಪರೆಯ ಫಲ. ಈ ಎರಡರ ನಡುವೆ ಎರಡೂವರೆ ಶತಮಾನಗಳ ಅಂತರವಿದೆ. ಕಾರಣ-ಕಾರ್ಯ ಸಂಬಂಧವನ್ನು ನಾವು ಕಟ್ಟುವುದಿಲ್ಲ. ಕನ್ನಡ ಸತ್ಯವೇದಕ್ಕೆ ಇನ್‌ಕ್ವಿಸಿಷನ್ ಅಡ್ಡಬಂದಿರಲಿಲ್ಲ ಎಂಬ ವ್ಯತ್ಯಾಸವೂ ಸಣ್ಣದಲ್ಲ. ಆದರೂ ಸಂಶೋಧನ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆದು, ಪ್ರಸಂಗಕ್ಕೆ ಮಾತ್ರ ಕನ್ನಡವನ್ನು ಉಳಿಸಿಕೊಳ್ಳುವ ನಮ್ಮ ವಿದ್ಯಾರ್ಥಿಗಳು ಲೂಯಿಸರ ಮೂರನೆಯ ಭಾಗದ ಆ ಕೆಲವು ಪುಟಗಳನ್ನು ಓದಿದರೆ, ಅಲ್ಲಿಯ ಆಕ್ಷೇಪಕರ ದನಿ ಅವರಿಗೆ ಪರಿಚಿತವೆನಿಸೀತು.

ಕೊನೆಯ ವರ್ಷಗಳಲ್ಲಿ ಲೂಯಿಸರಿಗೆ ತೆರೇಸರ ಬರಹಗಳನ್ನು ಸಂಪಾದಿಸುವ ಕೆಲಸ ಬಂತು. 1582ರಲ್ಲಿ ತೀರಿಕೊಂಡಿದ್ದ ತೆರೇಸರನ್ನು ಅವರು ಕಂಡವರಲ್ಲ. ಪ್ರತಿಗಳಲ್ಲಿ ಇತರರು ಆಕೆಯ ವಾಕ್ಯಗಳನ್ನು ‘ತಿದ್ದಿ’ ಇಟ್ಟಿದ್ದರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಹೆಂಗಸಿನ ಕಾಸ್ಟೀಲಿಯನ್ ಭಾಷೆಯನ್ನು ತಿದ್ದಲು ಅವರಿಗೆ ಯಾವ ಸಂಕೋಚವೂ ಆಗಿರಲಿಲ್ಲ. ಲೂಯಿಸರು ಆಕೆಯ ಸ್ವಹಸ್ತದ ಪ್ರತಿಗಳನ್ನು ತರಿಸಿ ಹೋಲಿಸಿ, ಮೂಲದ ಪದಗಳನ್ನು ಮರಳಿ ಸೇರಿಸಿ, ತಿದ್ದಿದವರದು ದುಸ್ಸಾಹಸವೆಂದು ಮುನ್ನುಡಿಯಲ್ಲಿ ಬರೆದರು. ಪರಮಗೀತೆಯ ಹೀಬ್ರೂ ಪದಗಳಿಗೆ ತೋರಿಸಿದ್ದ ಗೌರವವನ್ನೇ ಅವರು ಆಕೆಯ ಪದಗಳಿಗೂ ತೋರಿಸಿದರು. ಆ ಸಂಪುಟ 1588ರಲ್ಲಿ ಸಲಮಾಂಕಾದಲ್ಲಿ ಅಚ್ಚಾಯಿತು.

1591ರ ಆಗಸ್ಟ್‌ನಲ್ಲಿ ಅವರು ಕಾಸ್ಟೀಲ್ ಪ್ರಾಂತದ ಅಗಸ್ಟೀನಿಯನ್ನರ ಮುಖ್ಯಸ್ಥರಾಗಿ ಆಯ್ಕೆಯಾಗಿ, ಒಂಬತ್ತು ದಿನಗಳ ತರುವಾಯ 23ರಂದು ತೀರಿಕೊಂಡರು. ತೀರಿಕೊಂಡದ್ದು ಸೆರೆಯಲ್ಲಿದ್ದಾಗ ಔಷಧದ ಪುಡಿಯನ್ನು ತರಿಸಿಕೊಡಿರೆಂದು ಕೇಳಿದ್ದ ಮದ್ರಿಗಲ್‌ನಲ್ಲಿ. ಅವರ ಕವಿತೆಗಳನ್ನು 1631ರಲ್ಲಿ ಕೆವೇದೋ ಪ್ರಕಟಿಸಿದರು. ಇಸಬೆಲ್ ಒಸೋರಿಯೋಗಾಗಿ ಬರೆದ ಪರಮಗೀತೆಯ ವಿವರಣೆ ಅಚ್ಚಾಗಲು 1798ರವರೆಗೆ ಕಾಯಬೇಕಾಯಿತು.