25 ಪೌಂಡರ್ ಫಿರಂಗಿ

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಮತ್ತು ಭಾರತೀಯ ಸೇನೆಗಳು ಬಳಸಿದ ಮುಖ್ಯ ಫೀಲ್ಡ್ ಗನ್. ನಳಿಗೆಯ ಒಳವ್ಯಾಸ 87.6 ಮಿ.ಮೀ.; ಸುಮಾರು 11.3 ಕಿ.ಗ್ರಾಂ ತೂಕದ ಗುಂಡನ್ನು 12 ಕಿ.ಮೀ.ಗೂ ದೂರ ಹಾರಿಸುತ್ತಿತ್ತು. ಅಡಿಯಲ್ಲಿದ್ದ ದುಂಡನೆಯ ಪೀಠದ ಮೇಲೆ ಇಡೀ ಫಿರಂಗಿಯನ್ನು ಒಬ್ಬನೇ ಯಾವ ದಿಕ್ಕಿಗೂ ತಿರುಗಿಸಬಹುದಿತ್ತು. ಟ್ಯಾಂಕುಗಳ ಎದುರು ನೆರವಿಗೆ ಬಂದದ್ದು ಈ ಗುಣವೇ. ಟ್ಯಾಂಕ್ ನಿರೋಧಕವೆಂದೇ ಮಾಡಿದ 2 ಪೌಂಡರ್ (40 ಮಿ.ಮೀ.) ಬಲು ಬೇಗ ಸಾಲದಾಯಿತು. ಅದರ ಬದಲಿಗೆ ಬರಬೇಕಿದ್ದ 6 ಪೌಂಡರ್ (57 ಮಿ.ಮೀ.) ಉತ್ತರ ಆಫ್ರಿಕದ ರಣರಂಗ ಮುಟ್ಟಿದ್ದು 1942ರಲ್ಲಿ, 17 ಪೌಂಡರ್ ಇನ್ನೂ ತಡ. ಆ ನಡುವಿನ ಹೊರೆ 25 ಪೌಂಡರ್ ಮೇಲೆ ಬಿತ್ತು. 1942ರ ಮೇ 27ರಂದು ಲಿಬಿಯದ ಬೀರ್ ಹಕೀಂ ಬಳಿ 2ನೆಯ ಇಂಡಿಯನ್ ಫೀಲ್ಡ್ ರೆಜಿಮೆಂಟ್ ಇಟಲಿಯ ಅರಿಯೆಟೆ ವಿಭಾಗದ ಟ್ಯಾಂಕುಗಳನ್ನು ಈ ಫಿರಂಗಿಗಳಿಂದಲೇ ಎದುರಿಸಿತು. ನೆಲೆ ಉಳಿಯಲಿಲ್ಲ, ಆದರೆ ಹಲವು ಟ್ಯಾಂಕುಗಳು ಅಲ್ಲೇ ನಾಶವಾದವು.

ಇಂಥ ರೆಜಿಮೆಂಟುಗಳ ಮೊದಲ ನೆಲೆ ಬೆಂಗಳೂರು. 1857ರ ಬಂಡಾಯದ ಬಳಿಕ ಭಾರತೀಯರಿಗೆ ಬೆಟ್ಟದ ಫಿರಂಗಿಗಳ ಹೊರತು ಹೆಚ್ಚೇನೂ ಸಿಗದಂತೆ ಬ್ರಿಟಿಷರು ಎಚ್ಚರ ವಹಿಸಿದ್ದರು. ಆ ಅಪನಂಬಿಕೆ ಮುಕ್ಕಾಲು ಶತಮಾನ ನಡೆಯಿತು. ಕೊನೆಗೆ 1935ರ ಜನವರಿ 15ರಂದು ಬೆಂಗಳೂರಿನಲ್ಲಿ ಭಾರತೀಯರ ಮೊದಲ ಫೀಲ್ಡ್ ಫಿರಂಗಿ ದಳವಾಗಿ ‘ಎ’ ಫೀಲ್ಡ್ ಬ್ರಿಗೇಡ್ ರಚನೆಯಾಯಿತು. ಸ್ವಾತಂತ್ರ್ಯಾನಂತರ, 1965 ಮತ್ತು 1971ರ ಯುದ್ಧಗಳಲ್ಲೂ ಭಾರತೀಯ ಸೇನೆ 25 ಪೌಂಡರ್ ಬಳಸಿತು.