ಸಂಕಥೆ ಮತ್ತು ವಿಕಥೆ: ಕನ್ನಡದ ಲೋಕಾಭಿರಾಮ ಮಾತಿನ ಚರಿತ್ರೆಗೊಂದು ಪ್ರವೇಶ

ಕಲ್ಯಾಣದ ಚಾಳುಕ್ಯರ, ಹೊಯ್ಸಳರ, ಸೇವುಣರ ಶಾಸನಗಳಲ್ಲಿ ಪರಿಶ್ರಮವುಳ್ಳವರಿಗೆ 'ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಮಿರೆ' ಎಂಬ ಒಕ್ಕಣೆ ಚಿರಪರಿಚಿತವಾದುದು. ಅರಸನ ಬಿರುದಾವಳಿ ಮುಗಿದು ದಾನದ ವಿವರ ಆರಂಭವಾಗುವ ಮುನ್ನ ಬರುವ ಈ ಮಾತನ್ನು ನಾವು ಸಾಮಾನ್ಯವಾಗಿ ಓದುವುದಿಲ್ಲ, ದಾಟಿ ಹೋಗುತ್ತೇವೆ. ವಿದ್ಯಾರ್ಥಿದೆಸೆಯಲ್ಲಿ ಶಾಸನಪಾಠಗಳನ್ನು ಪ್ರತಿ ಮಾಡಿಕೊಳ್ಳುವಾಗ ನಾನು ಇದರ ಬದಲಿಗೆ 'ಸು. ಸಂ. ವಿ.' ಎಂದಷ್ಟೇ ಗುರುತು ಹಾಕಿಕೊಳ್ಳುತ್ತಿದ್ದೆ. ಚರಿತ್ರೆಗೆ ಬೇಕಾದದ್ದು ಕಾಲ, ದೇಶ, ದಾನಿ, ಪ್ರತಿಗ್ರಾಹಿ. ಉಳಿದುದು ಅಲಂಕಾರ ಎಂಬುದು ಅಂದಿನ ನನ್ನ ತಿಳಿವಳಿಕೆ. ಈಚೆಗೆ ಆ ಮೂರಕ್ಷರದ ಗುರುತುಗಳನ್ನು ಮತ್ತೆ ಕಂಡಾಗ, ಒಂದು ನಾಡಿನ ಆಳ್ವಿಕೆಯ ನೆಮ್ಮದಿಯನ್ನು ಹೇಳಲು ಶಾಸನಕವಿಗಳು 'ಮಾತುಕತೆ'ಯನ್ನೇ ಏಕೆ ಆರಿಸಿಕೊಂಡರು ಎಂಬ ಪ್ರಶ್ನೆ ಎದ್ದಿತು. ಪ್ರಸ್ತುತ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದರ ಫಲ.

'ಸಂಕಥೆ' ಎಂದರೆ ಕೂಡಿ ಆಡುವ ಮಾತು. ಅದು ಆಜ್ಞೆಯಲ್ಲ, ಉಪದೇಶವಲ್ಲ, ವಾದವೂ ಅಲ್ಲ. ಅರಸನು ನೆಲೆವೀಡಿನಲ್ಲಿ ಕುಳಿತು ತನ್ನವರೊಡನೆ ಸುಖವಾಗಿ ಮಾತನಾಡುತ್ತಿದ್ದಾನೆ ಎಂದರೆ ಗಡಿಯಲ್ಲಿ ಆತಂಕವಿಲ್ಲ, ಮನೆಯಲ್ಲಿ ಒಳಜಗಳವಿಲ್ಲ ಎಂದರ್ಥ. ವಾಸ್ತವದಲ್ಲಿ ಯುದ್ಧದ ನಡುವೆ ಬೀಡುಬಿಟ್ಟಾಗ ಹೊರಟ ಶಾಸನಗಳಲ್ಲೂ ಇದೇ ಒಕ್ಕಣೆ ಬರುತ್ತದೆಯಾದ್ದರಿಂದ ಇದನ್ನು ವರದಿಯೆಂದಲ್ಲ, ಆದರ್ಶವೆಂದು ಗ್ರಹಿಸಬೇಕು. ಸೊಲ್ಲಾಪುರ, ನಾಂದೇಡ ಪ್ರದೇಶಗಳ ಕನ್ನಡ ಶಾಸನಗಳಲ್ಲಿಯೂ ತೆಲಂಗಾಣದ ಕೊಲನುಪಾಕದ ಕನ್ನಡ ಶಾಸನಗಳಲ್ಲಿಯೂ ಇದೇ ಪರಂಪರೆ ಕಾಣುತ್ತದೆ. ಕಾಕತೀಯರ ತೆಲುಗು ಶಾಸನಗಳು ಈ ಸಮಾಸವನ್ನು ತಮ್ಮದಾಗಿಸಿಕೊಂಡಿವೆ. ಕಲ್ಯಾಣದಿಂದಲೇ ಆಳಿದ ಮೂರನೆಯ ಸೋಮೇಶ್ವರನು (1126–1138) ತನ್ನ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳನ್ನು ಎಣಿಸುವಾಗ ಗೀತ, ವಾದ್ಯ, ನೃತ್ಯಗಳ ಜೊತೆಗೆ ಕಥಾವಿನೋದಕ್ಕೂ ಸ್ಥಾನ ಕೊಟ್ಟಿದ್ದಾನೆ. ಚಕ್ರವರ್ತಿಗಳಿಗೂ ಮಹಾಮಂಡಲೇಶ್ವರರಿಗೂ ಸಲ್ಲುವ ಈ 'ಸಂಕಥೆ' ಒಕ್ಕಲಿಗೆ, ಕಮ್ಮಾರನಿಗೆ, ನೀರು ಹೊರುವವಳಿಗೆ ಸಂದುದನ್ನು ನಾನು ಕಂಡಿಲ್ಲ.

ಹಾಗಾದರೆ ಅವರು ಮಾತನಾಡುತ್ತಿರಲಿಲ್ಲವೆ? ಆಡುತ್ತಿದ್ದರು. ನಾಡವರು ಹದವರಿತು ನುಡಿಯಬಲ್ಲರು, ನುಡಿದುದನ್ನು ಗ್ರಹಿಸಬಲ್ಲರು, ಓದಿಲ್ಲದೆಯೂ ಕಾವ್ಯದ ಬಳಕೆಯಲ್ಲಿ ಪರಿಣತರು ಎಂದು 'ಕವಿರಾಜಮಾರ್ಗ' (ಸು. 850) ಹೇಳುವುದು ಸಭೆಯ ಪಂಡಿತರನ್ನು ಕುರಿತಲ್ಲ. ಆದರೆ ಅವರು ಏನನ್ನು ಕುರಿತು ನುಡಿಯುತ್ತಿದ್ದರು ಎಂಬುದನ್ನು ಆ ಗ್ರಂಥ ತಿಳಿಸುವುದಿಲ್ಲ. ಆ ವಿಷಯಸೂಚಿ ನಮಗೆ ದೊರೆಯುವುದು ತೀರ ಅನಿರೀಕ್ಷಿತವಾದ ಎಡೆಯಲ್ಲಿ, ಅಂಥ ಮಾತನ್ನು ನಿಷೇಧಿಸಿದವರ ಗ್ರಂಥಗಳಲ್ಲಿ.

ಜೈನಪರಂಪರೆಯಲ್ಲಿ ಮುನಿಗೆ ವರ್ಜ್ಯವಾದ ಮಾತಿಗೆ 'ವಿಕಥೆ' ಎಂದು ಹೆಸರು. ಸ್ತ್ರೀಕಥೆ, ಭಕ್ತಕಥೆ, ರಾಷ್ಟ್ರಕಥೆ, ರಾಜಕಥೆ ಎಂದು ಅದು ನಾಲ್ಕು ಬಗೆ. ಇಲ್ಲಿ ಭಕ್ತವೆಂದರೆ ಅನ್ನ. ಭಕ್ತಕಥೆಯೆಂದರೆ ಊಟತಿಂಡಿಯ ಮಾತು. ಶ್ವೇತಾಂಬರರ 'ಸ್ಥಾನಾಂಗ' ಸೂತ್ರವು ಈ ನಾಲ್ಕನ್ನೂ ಮತ್ತೆ ನಾಲ್ಕು ನಾಲ್ಕಾಗಿ ಒಡೆಯುತ್ತದೆ. ಅಡುಗೆಗೆ ಎಷ್ಟು ತುಪ್ಪ, ಎಷ್ಟು ಶಾಕ ಬಿತ್ತು, ಎಷ್ಟು ಬಗೆಯ ಭಕ್ಷ್ಯಗಳಿದ್ದವು, ಒಟ್ಟು ಖರ್ಚೆಷ್ಟಾಯಿತು ಎಂಬಂಥವು ಭಕ್ತಕಥೆಯ ಒಳಭೇದಗಳು. ಯಾವ ದೇಶದಲ್ಲಿ ಎಂಥ ರೂಢಿ, ಎಂಥ ಉಡುಪು ಎಂಬುದು ದೇಶಕಥೆ. ಅರಸನು ಪಟ್ಟಣವನ್ನು ಹೊಕ್ಕ ವೈಭವ, ಹೊರಟ ವೈಭವ, ಅವನ ಸೈನ್ಯ ವಾಹನಗಳು, ಬೊಕ್ಕಸ ಮತ್ತು ಕಣಜ, ಇವು ರಾಜಕಥೆಯ ನಾಲ್ಕು ಮುಖ. ಒಂದು ಮದುವೆಮನೆಯ ಪಡಸಾಲೆಯಲ್ಲಿ ಇಂದು ಅರ್ಧ ಗಂಟೆ ಕುಳಿತವರು ಈ ಪಟ್ಟಿಯಲ್ಲಿ ಬಿಟ್ಟುಹೋದುದೇನೂ ಇಲ್ಲವೆಂದು ಒಪ್ಪುವರು. ಬೌದ್ಧರ 'ದೀಘನಿಕಾಯ'ದ ಬ್ರಹ್ಮಜಾಲಸುತ್ತದಲ್ಲಿಯೂ ಇಂಥದೇ, ಇನ್ನೂ ಉದ್ದನೆಯ ಪಟ್ಟಿಯಿದೆ. ಅಲ್ಲಿ ಅರಸರು, ಕಳ್ಳರು, ಮಂತ್ರಿಗಳು, ನೆಂಟರು, ಗಾಡಿಗಳೊಂದಿಗೆ 'ಬೀದಿಯ ಮಾತು', 'ನೀರುಕೊಡದ ಎಡೆಯ ಮಾತು' ಎಂಬ ಎರಡು ಬಗೆಗಳೂ ಸೇರಿವೆ. ಬಾವಿಕಟ್ಟೆಯ ಹರಟೆಗೆ ಎರಡು ಸಾವಿರ ವರ್ಷಗಳಿಗೂ ಮಿಕ್ಕ ದಾಖಲೆಯುಂಟೆಂದಾಯಿತು.

ರಾಜಕಥೆಯ ನಿಷೇಧಕ್ಕೆ ವೈರಾಗ್ಯವೊಂದೇ ಕಾರಣವಾಗಿರಲಿಲ್ಲ. ಅರಸನ ಬೊಕ್ಕಸ, ಸೈನ್ಯಗಳ ಮಾತನಾಡುವ ಮುನಿಯನ್ನು ರಾಜಪುರುಷರು ಬೇಹುಗಾರನೆಂದೋ ಕಳ್ಳನೆಂದೋ ಸಂದೇಹಿಸಬಹುದೆಂದು ವ್ಯಾಖ್ಯಾನಕಾರರು ಎಚ್ಚರಿಸುತ್ತಾರೆ. ಆ ಸಂದೇಹ ನಿರಾಧಾರವಲ್ಲ. ತೀರ್ಥಗಳಲ್ಲಿ, ಸಭೆಗಳಲ್ಲಿ, ಜನ ಕೂಡುವೆಡೆಗಳಲ್ಲಿ ಗೂಢಚಾರರು ತಮ್ಮತಮ್ಮಲ್ಲೇ ವಾದಕ್ಕಿಳಿದಂತೆ ನಟಿಸಿ ಅರಸನ ವಿಷಯದಲ್ಲಿ ಜನರ ಅಭಿಪ್ರಾಯವನ್ನು ಹೊರಗೆಳೆಯಬೇಕೆಂದು 'ಅರ್ಥಶಾಸ್ತ್ರ' ವಿಧಿಸುತ್ತದೆ. ಸಾಮಾನ್ಯರ ಮಾತನ್ನು ಪ್ರಾಚೀನರಲ್ಲಿ ಕಿವಿಗೊಟ್ಟು ಕೇಳಿದವರು ಇಬ್ಬರು: ಅದನ್ನು ಬಿಡಬೇಕೆಂದವನು ಮತ್ತು ಅದರಿಂದ ಹೆದರಿದವನು.

ಈ ವಿಕಥೆಗಳ ವಿಚಾರ ಕರ್ನಾಟಕದ ನೆಲದಲ್ಲಿ ವಿಲಕ್ಷಣವಾದ ಒಂದು ರೂಪ ತಾಳಿತು. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಪ್ರಾಕೃತದಲ್ಲಿ ರಚಿಸಿದ 'ಗೊಮ್ಮಟಸಾರ'ದಲ್ಲಿ ಪ್ರಮಾದಗಳು ಹದಿನೈದು: ವಿಕಥೆ ನಾಲ್ಕು, ಕಷಾಯ ನಾಲ್ಕು, ಇಂದ್ರಿಯ ಐದು, ನಿದ್ರೆ ಒಂದು, ಪ್ರಣಯ ಒಂದು. ಗ್ರಂಥಕಾರನು ಇಷ್ಟಕ್ಕೆ ನಿಲ್ಲುವುದಿಲ್ಲ. ಇವುಗಳನ್ನು ಒಂದರೊಡನೊಂದು ಕೂಡಿಸಿ, ನಾಲ್ಕು ನಾಲ್ಕಲೆ ಹದಿನಾರು, ಹದಿನಾರೈದಲೆ ಎಂಬತ್ತು ಎಂದು ಎಂಬತ್ತು ಭಂಗಗಳನ್ನು ಗುಣಿಸಿ, ಇಷ್ಟನೆಯ ಭಂಗ ಯಾವುದು, ಇಂಥ ಭಂಗ ಎಷ್ಟನೆಯದು ಎಂದು ಕಂಡುಹಿಡಿಯುವ ಲೆಕ್ಕವನ್ನೂ ಕಲಿಸುತ್ತಾನೆ. ಸಿಟ್ಟಿನಲ್ಲಿದ್ದು, ನಾಲಗೆಯ ರುಚಿಗೆ ಸೋತು, ತೂಕಡಿಸುತ್ತ, ಅರಸನ ಸುದ್ದಿಯನ್ನಾಡುವವನಿಗೂ ಈ ಕೋಷ್ಟಕದಲ್ಲಿ ಒಂದು ಮನೆಯುಂಟು! ಗಮನಿಸಬೇಕಾದುದೆಂದರೆ, ಹೀಗೆ ಮಾತಿಗೆ ಸೋತವನು ಮುನಿತ್ವದಿಂದ ಹೊರಬೀಳುವುದಿಲ್ಲ. ಆರನೆಯ ಗುಣಸ್ಥಾನವಾದ 'ಪ್ರಮತ್ತಸಂಯತ'ದಲ್ಲಿ ನಿಲ್ಲುತ್ತಾನೆ, ಅಷ್ಟೆ. ಹರಟೆ ದೋಷ, ಆದರೆ ನಿರೀಕ್ಷಿತ ದೋಷ.

1359ರಲ್ಲಿ ಕೇಶವಣ್ಣನು ಇದಕ್ಕೆ ಕನ್ನಡ ವೃತ್ತಿಯನ್ನು ಬರೆದನು. ಅದನ್ನಾಧರಿಸಿ ಇನ್ನೊಬ್ಬ ನೇಮಿಚಂದ್ರನು ಸಂಸ್ಕೃತ ಟೀಕೆಯನ್ನೂ, ಸಂಸ್ಕೃತ ಟೀಕೆಯನ್ನಾಧರಿಸಿ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಟೋಡರಮಲ್ಲನು ಅಲ್ಲಿಯ ದೇಶಭಾಷೆಯಲ್ಲಿ ವ್ಯಾಖ್ಯಾನವನ್ನೂ ರಚಿಸಿದರು. ಸಂಸ್ಕೃತ ಟೀಕೆ ಕೇಶವಣ್ಣನದೆಂಬ ಭ್ರಮೆಯನ್ನು ನಿವಾರಿಸಿ, ಅದರ ಮೂಲ ಕನ್ನಡ ವೃತ್ತಿಯೆಂದು ತೋರಿಸಿದವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿದ್ದ ಆ. ನೇ. ಉಪಾಧ್ಯೆಯವರು. ಹೊರನಾಡಿನಲ್ಲಿ ಕುಳಿತು ಕನ್ನಡದ ಕೆಲಸ ಮಾಡುವ ನಮಗೆ ಇದು ನೆನೆಯಬೇಕಾದ ಸಂಗತಿ.

ಶಾಸನಗಳ ಸಂಕಥೆ, ಆಗಮಗಳ ವಿಕಥೆ: ಧಾತು ಒಂದೇ, ಉಪಸರ್ಗ ಬೇರೆ. ಅರಸನು ಊಟ, ಆನೆ, ಹೆಣ್ಣು, ನಾಡುಗಳ ಮಾತನಾಡಿದರೆ ವಿನೋದ. ಅದೇ ಮಾತು ಅರಸನನ್ನು ಕುರಿತು ಇತರರ ಬಾಯಲ್ಲಿ ಬಂದರೆ ಪ್ರಮಾದ. ಒಂದೇ ನಾಡಿನಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಈ ಎರಡು ಪದಗಳೂ ಚಲಾವಣೆಯಲ್ಲಿದ್ದವು. ನಡುವೆ ಇದ್ದವರು ಕವಿಗಳು. ಪಂಪನು 'ವಿಕ್ರಮಾರ್ಜುನವಿಜಯ'ದಲ್ಲಿ (941) ಸುಭದ್ರೆಯನ್ನು ಕಂಡು ಕಳವಳಿಸಿದ ಅರ್ಜುನನನ್ನು ದ್ವಾರಾವತಿಯ ಸೂಳೆಗೇರಿಯಲ್ಲಿ ನಡೆಸುತ್ತಾನೆ; ಅಲ್ಲಿ ಕಿವಿಗೆ ಬೀಳುವ ಮಾತುಗಳು ಕಥೆಗೆ ಅಗತ್ಯವಾದವಲ್ಲ, ಆದರೆ ಆ ಭಾಗವನ್ನು ತೆಗೆದರೆ ಪಟ್ಟಣವೇ ಮಾಯವಾಗುತ್ತದೆ. 1112ರಲ್ಲಿ ಮುಳುಗುಂದದ ನಯಸೇನನು 'ಧರ್ಮಾಮೃತ'ದಲ್ಲಿ ಧರ್ಮವನ್ನು ಬೋಧಿಸುವುದು ಸಾಲುಸಾಲಾಗಿ ಬರುವ ಗಾದೆ ಹೋಲಿಕೆಗಳಿಂದ. ಅವು ಕಟ್ಟೆಯ ಮಾತಿನಿಂದಲ್ಲದೆ ಇನ್ನೆಲ್ಲಿಂದ ಬರಬೇಕು? ಇನ್ನು 1557ರ 'ಭರತೇಶವೈಭವ'ದಲ್ಲಿ ಮೂಡಬಿದಿರೆಯ ರತ್ನಾಕರವರ್ಣಿಯು ಚಕ್ರವರ್ತಿಯ ಊಟ, ಉಡುಪು, ರಾಣಿಯರೊಡನೆ ಸಲ್ಲಾಪ ಇವುಗಳನ್ನು ಸಂಧಿ ಸಂಧಿಯಾಗಿ ಹಿಗ್ಗಿಸಿದ್ದಾನೆ. ಭಕ್ತಕಥೆ, ಸ್ತ್ರೀಕಥೆ, ರಾಜಕಥೆಗಳು ಒಬ್ಬ ಜೈನಕವಿಯ ಕೈಯಲ್ಲಿ ಯೋಗದ ಪಕ್ಕದಲ್ಲೇ ಕುಳಿತಿವೆ. ಇದನ್ನು ಭೋಗ-ಯೋಗ ಸಮನ್ವಯವೆಂದು ವಿಮರ್ಶಕರು ವರ್ಣಿಸಿದ್ದಾರೆ. ನನಗಾದರೋ ಅದರಲ್ಲಿ ಮಾತಿನ ಸುಖಕ್ಕೆ ಸೋತ ಕವಿಯೇ ಹೆಚ್ಚಾಗಿ ಕಾಣುತ್ತಾನೆ. ವಚನಕಾರರ ಗೋಷ್ಠಿಯನ್ನು ಇಲ್ಲಿ ಸೇರಿಸಿಲ್ಲ. ಅದು ಮಾತೇ ಆದರೂ ಲೋಕಾಭಿರಾಮದ ಮಾತಲ್ಲ.

ಮುದ್ರಣದ ಕಾಲಕ್ಕೆ ಬಂದರೆ ಮೂರನೆಯ ಕೇಳುಗನೊಬ್ಬ ಕಾಣಿಸಿಕೊಳ್ಳುತ್ತಾನೆ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ'ದ ಮೊದಲ ಸಂಚಿಕೆಯಲ್ಲಿ ಪತ್ರಿಕೆ ಏಕೆ ಬೇಕೆಂಬುದನ್ನು ವಿವರಿಸಲು ಎತ್ತಿಕೊಂಡ ಚಿತ್ರವೇ ಹರಟೆಯದು. ಸುಂಕದ ಕಟ್ಟೆಯಲ್ಲಿ ಕುಳಿತವರು ಹೋಗಿಬರುವವರಿಂದ ಸುದ್ದಿ ಕೇಳುತ್ತಾರೆ, ಮನೆಗೆ ಹೋಗಿ ನೆರೆಯವರಿಗೆ ಹೇಳುತ್ತಾರೆ, ಮರುದಿನ ಅದು ಸುಳ್ಳೆಂದು ತಿಳಿಯುತ್ತದೆ. ಕನ್ನಡ ಪತ್ರಿಕೋದ್ಯಮವು ಕಟ್ಟೆಯ ಮಾತನ್ನು ತಿದ್ದುವ ಉದ್ದೇಶದಿಂದ ಹುಟ್ಟಿ, ಕಟ್ಟೆಗೇ ಹೊಸ ಸರಕನ್ನು ಒದಗಿಸುತ್ತ ಬೆಳೆಯಿತು. ಈ ಬಗೆಯ ಮಾತಿಗೆ ನಮ್ಮಲ್ಲಿರುವ ಪದಗಳನ್ನೂ ನೋಡಬಹುದು. 'ಸುದ್ದಿ'ಯ ಹಿಂದೆ 'ಶುದ್ಧಿ' ಇದೆ, 'ಸಮಾಚಾರ'ದ ಹಿಂದೆ ನಡತೆಯಿದೆ, 'ವರ್ತಮಾನ'ವೆಂದರೆ ಈಗ ನಡೆಯುತ್ತಿರುವುದು. ಕರಾವಳಿಯವರು 'ಪಟ್ಟಾಂಗ' ಹೊಡೆಯುತ್ತಾರೆ, ಬಯಲುಸೀಮೆಯವರು 'ಹರಟೆ' ಕೊಚ್ಚುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ 'ಹರಟೆ' ಒಂದು ಗದ್ಯಪ್ರಕಾರದ ಹೆಸರೂ ಆಗಿ, ರಾ. ಶಿ. ಅವರ 'ಕೊರವಂಜಿ'ಯಂಥ (1942–1967) ಪತ್ರಿಕೆಗಳಲ್ಲಿ ಗೌರವ ಪಡೆಯಿತು.

ಇಷ್ಟನ್ನೂ ಹೊರನಾಡಿನ ಸಂಶೋಧಕರ ಮುಂದಿಡುವುದಕ್ಕೆ ಕಾರಣವಿದೆ. ಹೊರನಾಡಿನ ಕನ್ನಡವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಸಂಘಸಂಸ್ಥೆಗಳ ಇತಿಹಾಸ, ಲೇಖಕರ ಪಟ್ಟಿ, ಶಾಲೆಗಳ ಸ್ಥಿತಿಗತಿ ಇವುಗಳಿಗೆ ಮೀಸಲಾಗಿವೆ. ಮುಂಬಯಿಯ ಮೈಸೂರು ಅಸೋಸಿಯೇಷನ್ 1926ರಲ್ಲಿ ಸ್ಥಾಪನೆಯಾಯಿತೆಂಬುದನ್ನು ನಾವು ಬರೆದಿಡುತ್ತೇವೆ. ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ನಿಂತವರು ಯಾವ ಭಾಷೆಯಲ್ಲಿ ಏನು ಮಾತನಾಡಿದರೆಂಬುದನ್ನು ಬರೆದಿಡುವುದಿಲ್ಲ. ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳ ಕನ್ನಡ ಮನೆಗಳಲ್ಲಿ ಹಲವು ವರ್ಷಗಳಿಂದ ಕುಳಿತು ಕೇಳುತ್ತ ಬಂದಿರುವ ನನಗೆ ನಾಲ್ಕು ವಿಕಥೆಗಳ ಹಳೆಯ ವಿಂಗಡಣೆ ಒಳ್ಳೆಯ ಅಳತೆಗೋಲಾಗಿ ಒದಗಿದೆ. ಭಕ್ತಕಥೆ ಎಲ್ಲಕ್ಕಿಂತ ಗಟ್ಟಿ; ಮೂರನೆಯ ತಲೆಮಾರಿನಲ್ಲೂ ಸಾರು, ಪಲ್ಯ, ಒಗ್ಗರಣೆಗಳ ಮಾತು ಕನ್ನಡದಲ್ಲೇ ನಡೆಯುತ್ತದೆ. ನೆಂಟರಿಷ್ಟರ ಸುದ್ದಿಯೂ ಹಾಗೆಯೇ. ದೇಶಕಥೆ, ಎಂದರೆ 'ನಮ್ಮ ಊರ ಕಡೆ ಹೀಗೆ, ಇಲ್ಲಿಯವರಲ್ಲಿ ಹಾಗೆ' ಎಂಬ ಮಾತು, ಎರಡನೆಯ ತಲೆಮಾರಿಗೆ ತೆಳುವಾಗುತ್ತದೆ. ಮೊದಲು ಮನೆ ಬಿಟ್ಟುಹೋಗುವುದು ರಾಜಕಥೆ. ಚುನಾವಣೆ, ಬೆಲೆಯೇರಿಕೆ, ನ್ಯಾಯಾಲಯದ ತೀರ್ಪು ಇವುಗಳ ಪ್ರಸ್ತಾಪ ಬಂದೊಡನೆ ತಂದೆಮಕ್ಕಳು ಹಿಂದಿಗೋ ಮರಾಠಿಗೋ ಇಂಗ್ಲಿಷಿಗೋ ಹೊರಳುತ್ತಾರೆ. ಇದು ಅಂಕಿಅಂಶಗಳ ಮೇಲೆ ನಿಂತ ನಿರ್ಣಯವಲ್ಲ, ಕೇಳಿದ್ದರ ಮೇಲೆ ನಿಂತದ್ದು. ನಮ್ಮ ತರುಣ ಸಂಶೋಧಕರು ಇದನ್ನು ಕ್ರಮವಾಗಿ ಪರೀಕ್ಷಿಸಬೇಕೆಂದು ನನ್ನ ಅಪೇಕ್ಷೆ. ಈಗಂತೂ ಇಂಥ ಮಾತಿನ ಒಂದು ಪಾಲು ಮೊಬೈಲಿನಲ್ಲಿ ಬರವಣಿಗೆಯ ರೂಪ ಪಡೆಯುತ್ತಿದೆ. ಸಾಮಾನ್ಯರ ಹರಟೆ ನಿಷೇಧಿಸುವವನ ಅಥವಾ ಬೇಹುಗಾರನ ಕೈ ದಾಟದೆ, ಆಡಿದವರ ಕೈಯಲ್ಲೇ ಅಕ್ಷರವಾಗುವುದು ಇತಿಹಾಸದಲ್ಲಿ ಹೊಸದು. ಅದೂ ದಿನದಿನವೂ ಅಳಿಸಿಹೋಗುತ್ತಿದೆ, ಮತ್ತು ಬಹುಪಾಲು ಕನ್ನಡ ಲಿಪಿಯಲ್ಲಿಲ್ಲ.

2024ರ ಲೋಕಸಭಾ ಚುನಾವಣೆಯ ಎಣಿಕೆಯ ದಿನ ನಾನು ಪುಣೆಯಲ್ಲಿ ವಿಜಯಪುರ ಕಡೆಯ ಒಂದು ಕುಟುಂಬದಲ್ಲಿ ಅತಿಥಿಯಾಗಿದ್ದೆ. ಮಗ, ಮೊಮ್ಮಗ ಇಬ್ಬರೂ ಟಿ.ವಿ. ಮುಂದೆ ಕುಳಿತು ಹಿಂದಿಯಲ್ಲಿ ಜೋರಾಗಿ ವಾದಿಸುತ್ತಿದ್ದರು. ಎಂಬತ್ತು ದಾಟಿದ ಅಜ್ಜಿ ಮೊಮ್ಮಗನ ಬಾಯಲ್ಲಿ 'ಜಮಾನತ್ ಜಬ್ತ್' ಎಂಬುದನ್ನು ಕೇಳಿ, "ಯಾರನ್ನ ಹಿಡಕೊಂಡು ಹೋದ್ರೋ?" ಎಂದು ಗಾಬರಿಯಿಂದ ಕೇಳಿದರು. ಹುಡುಗ ಕನ್ನಡದಲ್ಲಿ ವಿವರಿಸಲು ಹೊರಟು ಅರ್ಧಕ್ಕೆ ನಿಂತ. ಅಪ್ಪನಿಗೂ ಪದ ಹೊಳೆಯಲಿಲ್ಲ. ಕಟ್ಟಿದ ರೊಕ್ಕ ಮರಳಿ ಸಿಗುವುದಿಲ್ಲವೆಂದು ಕೈಸನ್ನೆಯಲ್ಲಿ ತೋರಿಸಿದಾಗ ಅಜ್ಜಿಗೆ ತಿಳಿಯಿತು. "ಠೇವಣಿ ಹೋತು ಅನ್ನಪಾ! ನಮ್ಮ ಮಾತಿನಾಗ ಹೇಳ್ರಿ, ನಾನೂ ನಾಕು ಮಾತು ಬೈತೀನಿ" ಎಂದು ಕುರ್ಚಿಯನ್ನು ಟಿ.ವಿ.ಯ ಹತ್ತಿರಕ್ಕೆ ಎಳೆದುಕೊಂಡು ಕುಳಿತರು.