ಕುಂದಗೋಳದ ನಾಡಿಗೇರ ವಾಡೆ

ತಾಲೂಕು ಸ್ಥಳವಾದ ಕುಂದಗೋಳದಲ್ಲಿ, ಗೃಹಸ್ಥರ ನಿವಾಸವಾಗಿದ್ದುಕೊಂಡೇ ಊರಿನ ಗಾನಸಭೆಯೂ ಆದ ಕಟ್ಟಡವೆಂದರೆ ನಾಡಿಗೇರ ಮನೆತನದ ವಾಡೆ. ಆ ಮನೆತನದಲ್ಲಿ ಗುಮಾಸ್ತರಾಗಿದ್ದವರ ಮಗ, 1886ರಲ್ಲಿ ಜನಿಸಿದ ರಾಮಭಾವು, ಉಸ್ತಾದ್ ಅಬ್ದುಲ್ ಕರೀಂಖಾನರ ಶಿಷ್ಯತ್ವವನ್ನು ಪಡೆದು, ಮರಾಠಿ ರಂಗಭೂಮಿಯಲ್ಲಿ ಸವಾಯಿ ಗಂಧರ್ವರೆಂದು ಕೀರ್ತಿಶಾಲಿಗಳಾದರು. ಅವರಲ್ಲಿ ಪಾಠ ಹೇಳಿಸಿಕೊಳ್ಳಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು. ಭೀಮಸೇನ ಜೋಶಿಯವರಾದರೋ ಗುರುಗೃಹದಲ್ಲಿಯೇ ನಿಂತು, ಕೊಡಗಟ್ಟಲೆ ನೀರು ಹೊತ್ತು ವಿದ್ಯೆಯನ್ನು ಸಂಪಾದಿಸಿದರು. 1952ರಲ್ಲಿ ಗುರುಗಳು ದಿವಂಗತರಾದ ಮೇಲೆ ಅವರ ಪುಣ್ಯಸ್ಮರಣೆಯ ಅಹೋರಾತ್ರಿ ಸಂಗೀತೋತ್ಸವಕ್ಕೆ ವಾಡೆಯ ಪಡಸಾಲೆಯೇ ವೇದಿಕೆಯಾಯಿತು.

ಇಂಥ ನೆನಪುಗಳನ್ನು ಹೊತ್ತ ಹಳೆಯ ವಾಡೆಗಳ ಜೀರ್ಣೋದ್ಧಾರವು ಅವಸರದ ಕೆಲಸವಲ್ಲ: ತೇವವನ್ನು ಹೊರಬಿಡಬೇಕಾದ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಶತ್ರುಸಮಾನವಾದುದರಿಂದ ಸುಣ್ಣದ ಗಾರೆಯನ್ನೇ ಬಳಿಯಬೇಕು, ಗೆದ್ದಲು ಹತ್ತಿದ ಜಂತಿಯನ್ನಷ್ಟೇ ಬದಲಿಸಿ, ಗಟ್ಟಿಯಾದ ತೊಲೆಯನ್ನು ಇದ್ದಲ್ಲಿಯೇ ಉಳಿಸಬೇಕು.